ಉದ್ರಿ ಲೆಕ್ಕ

ಕುಟೈಸಿಯ ತರಕಾರಿ ಸಂತೆಯ ಹಿಂದೆ, ಜೋಡು ಹೊಲಿಯುವವನ ಪಕ್ಕ
ನನ್ನ ಗೂಡಂಗಡಿ. ಕಂಪ್ಯೂಟರ್ ಆಸ್ಪತ್ರೆ ಅನ್ನುತ್ತಾರೆ ಜನ.
ನಾನು ಹಾಗೆಲ್ಲ ಬೋರ್ಡು ಹಾಕಿಲ್ಲ.

ಮಂಜು ಬಿಡದ ಒಂದು ಬೆಳಗ್ಗೆ ರೊಟ್ಟಿ ಸುಡುವ ನಜಿಬ್ರೋಲಾ ಬಂದಳು,
ಮೊಣಕೈವರೆಗೆ ಹಿಟ್ಟು, ಕಂಕುಳಲ್ಲಿ ಪೆಟ್ಟಿಗೆ,
ವೈರುಗಳು ಹಿಂದೆ ನೆಲ ಗುಡಿಸುತ್ತ.
"ಎಲಿಸೋ, ಇದು ನನ್ನ ಉದ್ರಿ ಲೆಕ್ಕ ನುಂಗಿದೆ.
ಕಕ್ಕಿಸು."

ರಾತ್ರಿಯೆಲ್ಲ ಕೂತು ಒಂದೇ ಬೆರಳಲ್ಲಿ ಕುಟ್ಟಿದ್ದಳಂತೆ
ನಲವತ್ತೊಂದು ಹೆಸರು, ಯಾರು ಎಷ್ಟು ರೊಟ್ಟಿ ಬಾಕಿ.
ಕೋಳಿ ಕೂಗುವ ಹೊತ್ತಿಗೆ ಕರೆಂಟು ಹೋಯಿತು.
ಹಳೆಯ ನೋಟುಬುಕ್ಕು?
"ಒಲೆಗೆ ಹಾಕಿದೆ. ಮಿಷನ್ನಿದೆಯಲ್ಲ, ಇನ್ನೇಕೆ ಅಂತ."

ತಿರುಪು ಬಿಚ್ಚಿದೆ. ಫ್ಯಾನಿನ ರೆಕ್ಕೆಗೆ ಕಣಕ ಕಟ್ಟಿತ್ತು.
"ನೋಡು, ಕೈಗೆ ಸಿಕ್ಕುವುದೆಲ್ಲ ಹಾರ್ಡ್‌ವೇರ್,
ಬಾವಿಯಂಥ ನಿನ್ನ ಒಲೆ, ಕೊಕ್ಕೆ, ಸಲಿಕೆ.
ಉಪ್ಪೆಷ್ಟು, ಹಿಟ್ಟು ಉಬ್ಬಲು ಹೊತ್ತೆಷ್ಟು ಅಂತ
ನಿನ್ನತ್ತೆ ಹೇಳಿಕೊಟ್ಟದ್ದು ಸಾಫ್ಟ್‌ವೇರ್."
"ಅತ್ತೆಯ ಉಪ್ಪು ಜಾಸ್ತಿ. ನಾನು ತಿದ್ದಿದೆ."
"ಅದಕ್ಕೆ ಅಪ್‌ಡೇಟ್ ಅನ್ನುತ್ತೇವೆ."
ಅವಳು ನಗಲಿಲ್ಲ.

ಫ್ಯಾನಿನಡಿಯ ಬಿಸಿ ಬಿಲ್ಲೆ ತೋರಿಸಿದೆ: ಪ್ರೊಸೆಸರ್.
ಬಗ್ಗಿ, ಎದ್ದು, ಮತ್ತೆ ಬಗ್ಗಿ, ಸೊಂಟ ನೋವೆನ್ನದೆ ದುಡಿಯುವುದು ಇದೇ.
ಜನ ಇಡೀ ಪೆಟ್ಟಿಗೆಯನ್ನೇ ಸಿಪಿಯು ಅಂದುಬಿಡುತ್ತಾರೆ,
ಅಂಗಡಿಯನ್ನೇ ನಜಿಬ್ರೋಲಾ ಅಂದಂತೆ.

ಬೆರಳುದ್ದದ ಹಸಿರು ಪಟ್ಟಿ ಕಿತ್ತು ಅವಳ ಅಂಗೈಗಿಟ್ಟೆ.
ರ‍್ಯಾಮ್. ನಾದುವ ಹಲಗೆ.
ಕೆಲಸ ನಡೆವಷ್ಟು ಹೊತ್ತು ಎಲ್ಲ ಇದರ ಮೇಲೆ,
ನಿನ್ನ ನಲವತ್ತೊಂದು ಹೆಸರೂ.
ಕರೆಂಟು ಹೋಯಿತೋ, ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ.
ಉಗ್ರಾಣ ಬೇರೆ. ಇಗೋ ಈ ಡಿಸ್ಕು,
ನಿಧಾನ, ಆದರೆ ಕತ್ತಲಲ್ಲೂ ಹಿಡಿದುಕೊಂಡಿರುತ್ತದೆ.
ಹಲಗೆಯಿಂದ ಉಗ್ರಾಣಕ್ಕೆ ನಾಲ್ಕು ಹೆಜ್ಜೆ ನಡೆಯಬೇಕಲ್ಲ,
ಆ ನಡಿಗೆಯ ಹೆಸರು ಸೇವ್.
ನೀನು ನಡೆಯಲಿಲ್ಲ.

ಹಸಿರು ಪಟ್ಟಿಯನ್ನು ಅವಳು ತಿರುಗಿಸಿ ತಿರುಗಿಸಿ ನೋಡಿದಳು,
ಎಲ್ಲಾದರೂ ಒಂದು ಹೆಸರು ಅಂಟಿರಬಹುದೇನೋ ಅನ್ನುವಂತೆ.
ಆಮೇಲೆ, ಮೆಲ್ಲಗೆ: "ಅಳಿಸಿದ್ದೂ ಹೀಗೇ ಹೋಗುತ್ತದೆಯೇ?"

ಮೊಮ್ಮಗ ಮೊದಲ ಪಾಠ ಹೇಳಿದ ದಿನ ಒಂದು ಫೈಲು ಮಾಡಿದ್ದಳು,
ಟ್ರಾಲಿಬಸ್ಸಿನ ಓತಿಯಾನ ಹೆಸರಿನದು.
ಅವನನ್ನು ಮಣ್ಣು ಮಾಡಿ ಬಂದ ಸಂಜೆ ಅಳಿಸಿದಳು.
ಕಸದ ಬುಟ್ಟಿಯನ್ನೂ ಬರಿದು ಮಾಡಿದಳು.
ಸತ್ತವನ ಹತ್ತಿರ ಬಾಕಿ ಕೇಳುವುದುಂಟೇ.

ಅಳಿಸಿದರೆ ಡಿಸ್ಕು ಸುಡುವುದಿಲ್ಲ, ಅಂದೆ.
ಡಬ್ಬಿಯ ಚೀಟಿ ಕೀಳುತ್ತದೆ, ಅಷ್ಟೇ.
ಒಳಗಿನ ಕಾಳು ಹಾಗೇ ಇರುತ್ತದೆ,
ಬೇರೆ ಯಾರೋ ಬಂದು ತಮ್ಮ ಕಾಳು ಸುರಿಯುವ ತನಕ.

ಮಧ್ಯಾಹ್ನದವರೆಗೂ ಹುಡುಕಿದೆ. ಅವಳು ಅಂಗಡಿ ತೆರೆಯಲಿಲ್ಲ,
ಸ್ಟೂಲಿನಲ್ಲೇ ಕೂತಿದ್ದಳು.
ಬೇಕಾದ ನಲವತ್ತೊಂದರಲ್ಲಿ ಒಂದೂ ಇಲ್ಲ.
ಬೇಡವೆಂದು ಬಿಸುಟದ್ದು ಪರದೆಯ ಮೇಲೆ ಬಂತು:

ಓತಿಯಾ. ಆರು ರೊಟ್ಟಿ. ಬುಧವಾರ ಕೊಡುತ್ತಾನಂತೆ.

"ಬುಧವಾರ," ಅಂದಳು. ಮತ್ತೇನೂ ಅನ್ನಲಿಲ್ಲ.
ಉಳಿಸಬೇಕೇ ಎಂದು ಪರದೆ ಕೇಳುತ್ತಿತ್ತು.
ಹಿಟ್ಟಿನ ಬೆರಳು ಬಹಳ ಹೊತ್ತು ಗಾಳಿಯಲ್ಲಿತ್ತು,
ಆಮೇಲೆ ಒತ್ತಿತು. ಕೀಲಿಯ ಮೇಲೆ ಬಿಳಿ ಗುರುತು.

"ಉಳಿದವು ನನ್ನ ತಲೆಯಲ್ಲಿವೆ. ಬರಿ."
ಗೋಡೆ ನೋಡುತ್ತ ಒಂದೊಂದೇ ಹೇಳತೊಡಗಿದಳು,
ಪ್ರತಿ ಹೆಸರಿಗೂ ತಡೆದು,
"ನಡೆದೆಯಾ?"
"ನಡೆದೆ."
"ದರ್ಜಿ ಮಕ್ವಾಲಾ, ಒಂಬತ್ತು. ನಡೆದೆಯಾ?"
"ನಡೆದೆ."
"ಕಂಪ್ಯೂಟರಿನ ಎಲಿಸೋ, ಹದಿನಾಲ್ಕು."

ನನ್ನ ಬೆರಳು ನಿಂತಿತು.
"ಏನು," ಅಂದಳು ನಜಿಬ್ರೋಲಾ, ಮೊದಲ ಸಲ ನಗುತ್ತ,
"ಕಾಲು ನೋಯುತ್ತಿದೆಯೇ?"