ಹೊಟ್ಟೆ ಬಂದ ಎಸ್

ಮೊದಲು ಕಿವಿಗೆ ಹಿಡಿಯುತ್ತೇನೆ, ಕಣ್ಣಿಗಲ್ಲ.
ಕಣ್ಣು ಹೊಳಪಿಗೆ ಮಾರುಹೋಗುವ ಜಾತಿ.

ಬೈತಖೋಲದ ಶೆವಂತಿ ತಾಂಡೇಲ
ಹಾರ್ಲಿಕ್ಸ್ ಬಾಟಲಿಯ ಅಕ್ಕಿಯೊಳಗೆ ಹೂತು ತಂದದ್ದು
ಅಪ್ಪನ ಫೇವರ್ ಲ್ಯೂಬಾ, ಸೀ ಚೀಫ್, ಹದಿನೇಳು ಕಲ್ಲು.
ಎರಡು ಸುತ್ತು ಕೀಲಿ ಕೊಟ್ಟೆ. ನಡೆಯಿತು,
ದಮ್ಮಿನವನು ಮೆಟ್ಟಿಲು ಹತ್ತಿದ ಹಾಗೆ
ಒಂದು ಹೆಜ್ಜೆ ಗಟ್ಟಿ, ಒಂದು ಮೆತ್ತಗೆ.
ಎಣ್ಣೆ ಒಣಗಿದೆ. ಅದು ದೋಷವಲ್ಲ, ಉಪವಾಸ.

ಕೊಳ್ಳುವವನು ಅರ್ಗಾದ ನೌಕಾನೆಲೆಯ ಹುಡುಗ,
ಬಿಸ್ವಾಲ್ ಅಂತ, ಒಡಿಶಾದವನು,
ಹಳೆ ಗಡಿಯಾರದ ಹುಚ್ಚು.
ಬೆಲೆ ನೀವೇ ಹೇಳಿ ಎಂದು ಇಬ್ಬರೂ
ನನ್ನ ಗಾಜಿನ ಪೆಟ್ಟಿಗೆಯ ಆಚೀಚೆ ನಿಂತರು.

ಕಾರವಾರದಲ್ಲಿ ಗಡಿಯಾರ ನೋಡುವುದೆಂದರೆ
ಉಪ್ಪು ಎಲ್ಲಿಯತನಕ ಹೋಗಿದೆ ಎಂದು ನೋಡುವುದು.
ಕೊಂಬು ನಾಲ್ಕೂ ಚೂಪು, ಯಾರೂ ಅರೆದು ಹೊಳೆಯಿಸಿಲ್ಲ:
ಸಾವಿರ ಹೆಚ್ಚು.
ಕೀಲಿಗುಂಡಿ ಯಾವುದೋ ಎಚ್ಚೆಮ್ಟಿಯದು:
ಮುನ್ನೂರು ಕಮ್ಮಿ.
ಗಾಜು ಹೊಸದು. ಅಡ್ಡಿಯಿಲ್ಲ, ಗಾಜು ಇರುವುದೇ ಒಡೆಯಲಿಕ್ಕೆ.
ಬೆನ್ನಿನ ಮೇಲೆ ಬೆವರು ಕೂತು ತಿಂದ ಸಣ್ಣ ಕುಳಿಗಳು.
ಅದಕ್ಕೆ ನಾನು ದುಡ್ಡು ಕಳೆಯುವವನಲ್ಲ,
ಕೈಯಲ್ಲಿ ಬಾಳಿದ್ದಕ್ಕೆ ಕೈಯ ಗುರುತು ಬೇಡವೇ?

ಬಿಸ್ವಾಲ್ ಫೋನಿನಲ್ಲಿ ದೊಡ್ಡದು ಮಾಡಿ ಉಸಿರೆಳೆದ.
"ಡಯಲ್ ಒರಿಜಿನಲ್! ಒಂದು ಕಲೆ ಇಲ್ಲ.
ಹದಿನೆಂಟು ಸಾವಿರ ಕೊಡುತ್ತೇನೆ."

ಕಲೆ ಇಲ್ಲದ್ದೇ ನನಗೆ ಕಸಿವಿಸಿ.
ಈ ಗಾಳಿಯಲ್ಲಿ ಬಾಗಿಲ ಚಿಲಕ
ಮೂರು ಮಳೆಗಾಲ ತಾಳುವುದಿಲ್ಲ.
ಕಣ್ಣಿಗೆ ಲೂಪು ಸಿಕ್ಕಿಸಿದೆ. ಆರರ ಕೆಳಗೆ
ಇರುವೆ ಕಾಲಿನಷ್ಟು ಅಕ್ಷರ, ಸ್ವಿಸ್ ಮೇಡ್.
ಸ್ವಿಸ್‌ನ ಕೊನೆಯ ಎಸ್‌ಗೆ ಸ್ವಲ್ಪ ಹೊಟ್ಟೆ ಬಂದಿದೆ.

ಅದು ನನ್ನದು.

ಎಂಬತ್ಮೂರನೇ ಇಸವಿ. ಗ್ರೀನ್ ಸ್ಟ್ರೀಟು,
ಸೋದರಮಾವನ ಅಂಗಡಿಯ ಹಿಂದಿನ ಕೋಣೆ,
ಅಳಿಲ ಬಾಲದ ಮೂರು ಕೂದಲಿನ ಕುಂಚ,
ಸಮುದ್ರ ಕುಡಿದು ಹಸಿರುಗಟ್ಟಿದ ಡಯಲು.
"ಮೊದಲು ಹ್ಯಾಗಿತ್ತೋ ಹಾಗೇ ಮಾಡು" ಎಂದಿದ್ದ ತಾಂಡೇಲ.
ಮೊದಲು ಹೇಗಿತ್ತೆಂದು ನಾನು ಕಂಡವನೇ ಅಲ್ಲ.
ಒಂಬತ್ತು ರಾತ್ರಿ.
ಆ ಎಸ್‌ಗೆ ಬಂದಾಗ ಬಂದರಿನಲ್ಲಿ ಹಡಗೊಂದು ಕೂಗಿತು,
ಕೈ ಜಿಗಿಯಿತು.
ಕೂಲಿ ಇಪ್ಪತ್ತೈದು ರೂಪಾಯಿ, ಎರಡು ಇಸ್ವಣ.

ನಲವತ್ತು ವರ್ಷ ಯಾರೂ ಹಿಡಿದಿಲ್ಲ.
ಬಾಯಿ ಮುಚ್ಚಿದರೆ ಇನ್ನೂ ನಲವತ್ತು ಹಿಡಿಯುವುದಿಲ್ಲ.
ಇದಕ್ಕಿಂತ ದೊಡ್ಡ ಹೊಗಳಿಕೆ ಈ ಜನ್ಮದಲ್ಲಿ ಸಿಕ್ಕಿಲ್ಲ ನನಗೆ,
ಅದನ್ನು ನಾನೇ ಎತ್ತಿ ಚರಂಡಿಗೆ ಚೆಲ್ಲಬೇಕು.

"ಡಯಲ್ ಆಮೇಲೆ ಬರೆದದ್ದು" ಎಂದೆ. "ಎಂಟು ಸಾವಿರ."

ಶೆವಂತಿ ನೋಡಿದಳು,
ತಕ್ಕಡಿ ಮುಟ್ಟಿದ ಗಿರಾಕಿಯನ್ನು ನೋಡುವ ಹಾಗೆ.
"ಯಾರು ಬರೆದದ್ದು?"
"ನಾನು."
"ಕೆಟ್ಟದಾಗಿ ಬರೆದಿದ್ದೀಯಾ ಶೇಟ?"
"ಇಲ್ಲ."
"ಮತ್ತೆ ಕಮ್ಮಿ ಯಾಕೆ?"

ಉತ್ತರ ನನ್ನ ಲೂಪಿನಲ್ಲಿ ಕಾಣುವುದಿಲ್ಲ.
ಯಂತ್ರ ಒಂದೇ ಏಟಿಗೆ ಒತ್ತಿದ ಎಸ್‌ಗೆ ಹತ್ತು ಸಾವಿರ,
ಉಸಿರು ಹಿಡಿದು ಬರೆದ ಎಸ್‌ಗೆ ಸೊನ್ನೆ.
ಇದು ಪೇಟೆಯ ಮಗ್ಗಿ, ನಾನು ಕಟ್ಟಿದ್ದಲ್ಲ ಎಂದೆ.

"ಐಸಿನ ಮೀನು ತಾಜಾ ಅಂತ ಮಾರಿದರೆ ಪಾಪ,
ಒಪ್ಪಿದೆ" ಎಂದಳು ಕೊಂಕಣಿಯಲ್ಲಿ.
"ಆದರೆ ಐಸಿಗೂ ನಾನು ದುಡ್ಡು ಕೊಟ್ಟಿರುತ್ತೇನಲ್ಲ?"

ಬಿಸ್ವಾಲ್‌ಗೆ ಮಾತು ತಿಳಿಯಲಿಲ್ಲ, ಕೈಸನ್ನೆ ತಿಳಿಯಿತು.
ತುಸು ಹೊತ್ತು ಲೂಪು ಇಸಿದುಕೊಂಡು
ಆರರ ಕೆಳಗೇ ನೋಡಿದ.
ಎಂಟು ಎಣಿಸಿದ. ಮೇಲೆ ಐನೂರರ ಎರಡು ನೋಟು,
ಯಾತಕ್ಕೆಂದು ಹೇಳಲಿಲ್ಲ.
ಅದರಲ್ಲಿ ಒಂದನ್ನು ಶೆವಂತಿ
ನನ್ನ ಚಿಮಟಿಗೆಯ ಕೆಳಗೆ ಸಿಕ್ಕಿಸಿ
"ಐಸಿನದು" ಎಂದು ಬಾಟಲಿ ಎತ್ತಿಕೊಂಡು ಹೋದಳು,
ಅಕ್ಕಿ ಸಮೇತ.

ಬೈಕು ತಿರುವು ದಾಟಿದ ಮೇಲೆ ನೆನಪಾಯಿತು:
ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತದೆ,
ಅದನ್ನು ಹೇಳಲೇ ಇಲ್ಲ.
ಐಸಿನ ನೋಟು ಚಿಲ್ಲರೆ ಮಾಡಿಸಿ
ಇನ್ನೂರು ತೆಗೆದು ಬೇರೆ ಡಬ್ಬಿಯಲ್ಲಿಟ್ಟಿದ್ದೇನೆ.
ಎಣ್ಣೆ ಹಾಕಿಸಲು ಬಂದೇ ಬರುತ್ತಾನೆ.