ಒಂದು ಕಟ್ಟು ಜರ್ಜೀರ್

ಬರ್ಕಾ ದಾಟಿದ ಮೇಲೆ ಎಡಕ್ಕೊಂದು ಮಣ್ಣುದಾರಿ.
ಅಲ್ಲಿ ಹೆಡ್‌ಲೈಟ್ ಆರಿಸುತ್ತೇನೆ.
ನೀಲಿ ಟ್ಯಾಂಕರ್ ಕುಡಿಯುವ ನೀರಿನದು, ನನ್ನದು ಹಳದಿ;
ಕಂಡರೆ ಸಾಕು, ಪಕ್ಕದ ಕಾರುಗಳು ಗಾಜು ಏರಿಸುತ್ತವೆ.

ಕ್ಯಾಂಪಿನ ನಾನ್ನೂರು ಗಂಡಸರ ನಿನ್ನೆ, ಮೊನ್ನೆ
ಬೆನ್ನ ಹಿಂದೆ ತುಳುಕುತ್ತಿದೆ.
ಪ್ಲಾಂಟಿಗೆ ಹೋದರೆ ಮೂರು ತಾಸು ಸರತಿ.
ಇಲ್ಲಿ ಪೈಪು ಬಿಚ್ಚಿದರೆ ಎರಡು ರಿಯಾಲ್ ಕೈಗೆ,
ರಸೀದಿ ಇಲ್ಲ.

ಹುಲಿಗೆಪ್ಪ ಬರುತ್ತಾನೆ, ಮೂಗಿಗೆ ಟವೆಲ್ ಸುತ್ತಿ.
ಲಿಂಗಸೂಗೂರಿನ ಕಡೆಯವನು, ನಾನು ಶಿರೂರಿನವನು.
ಅವನ ಕನ್ನಡ ನನಗೆ ಅರ್ಧ, ನನ್ನದು ಅವನಿಗೆ ಅರ್ಧ,
ಮಿಕ್ಕಿದ್ದಕ್ಕೆ ಹಿಂದಿ.
"ಬಾವ್ಯಾಗಿಂದು ಬರೇ ಉಪ್ಪಣ್ಣ, ಬೇರು ಸುಡ್ತದ.
ನಿಂದಽ ಚಲೋ. ಹತ್ತ ದಿನಕ್ಕ ಗೇಣುದ್ದ ಸೊಪ್ಪು."
ಬರಿಗಾಲಲ್ಲೇ ಇಳಿದು ಮಡಿಗೆ ಬಾಯಿ ಬಿಡಿಸುತ್ತಾನೆ.
ಬೂಟು ಕೊಟ್ಟಿದ್ದಾರಂತೆ, ಎರಡೂ ಎಡಗಾಲಿನವು.

ಬೆರಳ ಸಂದಿಯಲ್ಲಿ ತುರಿಕೆ. ಹೊಟ್ಟೆಯಲ್ಲಿ ಯಾರೋ ಹಗ್ಗ ಹೊಸೆದಂತೆ.
ಕ್ಲಿನಿಕ್ಕಿನಲ್ಲಿ ಒಂದು ಸಣ್ಣ ಡಬ್ಬಿ ಕೊಟ್ಟರಂತೆ.
"ನಾಳಿ ತುಂಬಿಸ್ಕೊಂಡ ಬಾ ಅಂದ್ರು.
ನಮ್ಮಲ್ಲಿ ಟ್ಯಾಂಕರ್‌ಗಟ್ಟಲೆ ಐತ್ರಿ ಅನ್ನಬೇಕಂತಿದ್ದೆ!"
ನಕ್ಕ. ನಾನೂ ನಕ್ಕೆ, ಸ್ವಲ್ಪ ತಡವಾಗಿ.
ಗುಳಿಗೆ ನುಂಗಿದ, ಹುಳ ಹೋಯಿತು;
ಮರಳಿ ಬಂತು.
ಹುಳಕ್ಕೆ ವೀಸಾ ಬೇಕಿಲ್ಲ.

ಈ ಗುರುವಾರ ರಾತ್ರಿ ಕಿಟಕಿಯಿಂದ ಕಟ್ಟೊಂದನ್ನು ಒಳಗೆ ತುರುಕಿದ.
ಜರ್ಜೀರ್. ಎಳೆಯದು, ಖಾರ,
ಸಾಸಿವೆ ಸೊಪ್ಪಿನ ತಂಗಿಯಂಥದು.
ರೊಕ್ಕ ಬ್ಯಾಡ ಅಂದ.
"ನಿನ್ನ ನೀರಿಂದಽ ಅಲ್ಲೇನು?"

ಕ್ಯಾಂಪಿನ ನಲ್ಲಿಯಡಿ ತೊಳೆದೆ. ಉಪ್ಪುನೀರಲ್ಲಿ ಅದ್ದಿಟ್ಟೆ.
ವಿನೆಗರ್ ಸುರಿದೆ. ಮತ್ತೆ ತೊಳೆದೆ.
ಒಂದೊಂದೇ ಎಲೆ ಬಲ್ಬಿಗೆ ಹಿಡಿದು ನೋಡಿದೆ.
ಒಂದು ಕಲೆ ಕಂಡಿದ್ದರೂ ಎಸೆಯುತ್ತಿದ್ದೆ.
ಏನೂ ಕಾಣಲಿಲ್ಲ.

ಅಷ್ಟರಲ್ಲಿ ಸಿಲ್ಹೆಟ್ಟಿನ ಶಫೀಕುಲ್ ಕೈಯಿಂದ ಕಿತ್ತುಕೊಂಡು
ಕರಿದ ಮೀನಿನ ಸುತ್ತ ಹರಡಿ ನಿಂಬೆ ಹಿಂಡಿದ:
ಹಸಿರು ತಿಂದು ಎಷ್ಟು ದಿನವಾಯಿತು, ಬನ್ನಿ ಬನ್ನಿ.
ಎಂಟು ಕೈಗಳು ಒಂದೇ ತಟ್ಟೆಗೆ.

ಹೇಳಬೇಕು.
ಹೇಳಿದರೆ ಎರಡು ರಿಯಾಲಿನ ಕತೆಯೂ ಹೇಳಬೇಕು.
ಬಾಯಿ ತೆರೆದೆ.
ಶಫೀಕುಲ್ ಅದರೊಳಗೆ ಒಂದು ತುತ್ತಿಟ್ಟ.

ಖಾರ. ನಿಂಬೆ. ಹಲ್ಲಿಗೆ ಸಿಕ್ಕ ಒಂದು ಕಾಳು ಮರಳು.
ಹೊರಗೆ ವಾಚ್‌ಮನ್ ನನ್ನ ಹೆಸರು ಹಿಡಿದು ಕೂಗುತ್ತಿದ್ದ:
ಗುಂಡಿ ತುಂಬಿದೆಯಂತೆ, ಗಾಡಿ ತರಬೇಕಂತೆ.