ಆರಿಸುವುದು

ಜುಲೈಯಲ್ಲಿ ಇಲ್ಲಿ ತಣ್ಣೀರಿನ ನಲ್ಲಿ ಕೈ ಸುಡುತ್ತದೆ.
ಗೀಸರಿನ ಸ್ವಿಚ್ಚು ಆರಿಸಿ, ಅದರ ಹೊಟ್ಟೆಯಲ್ಲಿ
ರಾತ್ರಿಯಿಡೀ ನಿಂತ ನೀರಲ್ಲಿ ಮೀಯುತ್ತೇವೆ ನಾವು.
ಊರಿನವರಿಗೆ ಹೇಳಿದರೆ ನಗುತ್ತಾರೆ.
ಖಲ್ಫಾನ್, ನೀನು ಮಸ್ಕತ್ತಿನವನು, ನಂಬುತ್ತೀ.
ಹಾಗಾದರೆ ಇದನ್ನೂ ನಂಬು:
ದೊಡ್ಡದಾದ ಮಾತ್ರಕ್ಕೆ ತಂಪಲ್ಲ.

ನಿನ್ನಪ್ಪ ಎಪ್ಪತ್ತೊಂಬತ್ತರಲ್ಲಿ ತಂದ ಕ್ಯಾಪ್ರಿಸ್,
ಖರ್ಜೂರದ ಬಣ್ಣ, ಬಾಗಿಲು ಹಾಕಿದರೆ ಕಬ್ಬಿಣದ ಕಪಾಟಿನ ಸದ್ದು,
ಅಮೆರಾತಿನ ಏರಿನಲ್ಲಿ ಮೂರು ಸಲ ನಿಂತಿದೆ.
ಮೂರು ಸಲವೂ ಬಾನೆಟ್ಟಿನಡಿಯಿಂದ
ಇಡ್ಲಿ ಅಟ್ಟ ತೆರೆದ ಹಾಗೆ ಹಬೆ.

ಈಗ ಫೋನು ಚಾಚಿ ತೋರಿಸುತ್ತೀ:
ಕನ್ನಡಿಯಂಥ ಅಲ್ಯುಮಿನಿಯಂ ರೇಡಿಯೇಟರ್,
ಜೋಡಿ ಎಲೆಕ್ಟ್ರಿಕ್ ಫ್ಯಾನು, ನೂರಾ ಎಂಬತ್ತು ರಿಯಾಲು.
ಚೆಂದವಿದೆ. ಮದುಮಗನಿಗೆ ಕೊಡಬಹುದು.

ಮೊದಲು ಹಳೆಯದನ್ನು ಬಿಚ್ಚಿ ನೋಡೋಣ.
ಬೆಸುಗೆಯ ಗುಲ್‌ಜಮಾನ್ ಅದರ ಎರಡೂ ಕೆನ್ನೆ ಬಿಡಿಸಿ
ಬೆಳಕಿಗೆ ಹಿಡಿದ. ಅಷ್ಟೂ ಕೊಳವೆಗಳಲ್ಲಿ
ಹನ್ನೊಂದರಲ್ಲಿ ಮಾತ್ರ ಆಕಾಶ ಕಂಡಿತು.
ಉಳಿದವು ಉಪ್ಪು ಕಟ್ಟಿ ಕುರುಡು.
ನಲ್ಲಿ ನೀರು ಹೊಯ್ದವರು ಯಾರು?
ನೀನು ಮಾತಾಡಲಿಲ್ಲ.
ನಿನ್ನಪ್ಪನೇ ಇರಬೇಕು, ದಾರಿಬದಿಯ ಯಾವುದೋ ಮಸೀದಿಯ ಮುಂದೆ,
ಹಿಂದಿನ ಸೀಟಲ್ಲಿ ನೀವೆಲ್ಲ ಬಾಯಾರಿ ಕೂತಿದ್ದಾಗ.

ತಾಮ್ರವೇ ಇರಲಿ. ನಾಲ್ಕು ಸಾಲಿನ ಹೊಸ ಕೋರ್,
ಹಳೆಯ ಹಿತ್ತಾಳೆ ಕೆನ್ನೆಗೆ ಅವನೇ ಬೆಸೆಯುತ್ತಾನೆ.
ಥರ್ಮೋಸ್ಟಾಟ್ ಕಿತ್ತು ಬಿಸಾಡು ಎಂದದ್ದು ನಿನ್ನ ಭಾವ ತಾನೇ?
ಅವನಿಗೆ ಚಹಾ ಕೊಡು, ಸ್ಪಾನರ್ ಕೊಡಬೇಡ.
ತೊಂಬತ್ತೊಂದರದ್ದು ಬೇಡ, ಎಂಬತ್ತೆರಡಕ್ಕೆ ತೆರೆಯುವುದು ಹಾಕುತ್ತೇನೆ.
ಮುಚ್ಚಳ ಹೊಸದು, ಒಂದೂವರೆ ರಿಯಾಲು.
ಅದರ ಸ್ಪ್ರಿಂಗು ಒತ್ತಿ ನೋಡು, ಹೆಬ್ಬೆರಳು ನೋಯಬೇಕು.
ಅದುಮಿಟ್ಟ ನೀರು ನೂರಕ್ಕೆ ಕುದಿಯುವುದಿಲ್ಲ, ಇನ್ನಷ್ಟು ತಡೆಯುತ್ತದೆ.
ಇಪ್ಪತ್ತಾರು ವರ್ಷ ವಾದಿ ಕಬೀರಿನಲ್ಲಿದ್ದೇನೆ, ಇಷ್ಟು ಗೊತ್ತು.

ಫ್ಯಾನಿಗೆ ಏನೂ ಆಗಿಲ್ಲ.
ಇಲ್ಲದ್ದು ಅದರ ಸುತ್ತಲಿನ ಪ್ಲಾಸ್ಟಿಕ್ ಗೂಡು,
ಯಾವ ಹುಡುಗ ಬಿಚ್ಚಿಟ್ಟು ಮರೆತನೋ.
ಗೂಡಿಲ್ಲದ ಫ್ಯಾನು ಅದೇ ಬಿಸಿಗಾಳಿಯನ್ನು
ಬೆಣ್ಣೆ ಬಾರದ ಮಜ್ಜಿಗೆಯಂತೆ ಕಡೆಯುತ್ತಲೇ ಇರುತ್ತದೆ.
ಗುಜರಿಯಲ್ಲಿ ಇನ್ನೊಂದು ಕ್ಯಾಪ್ರಿಸ್ ಮಲಗಿತ್ತು,
ಹಿಂದಿನ ಸೀಟಲ್ಲಿ ಬೆಕ್ಕಿನ ಸಂಸಾರ.
ಬಾಣಂತಿಯನ್ನು ಎಬ್ಬಿಸದೆ ಗೂಡು ಬಿಚ್ಚಿ ತಂದೆ,
ಮುರಿದ ಕಿವಿಗೆ ತಂತಿ ಹೊಲಿದೆ.

ಇನ್ನು ನೀರು.
ನಮ್ಮ ಕೋಣೆಯ ಏಸಿ ರಾತ್ರಿ ತೊಟ್ಟಿಕ್ಕಿದ್ದನ್ನು
ಕ್ಯಾನಿನಲ್ಲಿ ಹಿಡಿದಿಟ್ಟಿದ್ದೆ, ಉಪ್ಪಿನ ಸೋಂಕಿಲ್ಲದ್ದು:
ಆರು ಜನರ ಉಸಿರು, ಬೆವರು, ಪೌಲಸನ ಗೊರಕೆ.
ಅರ್ಧ ಅದು, ಅರ್ಧ ಹಸಿರು ಕೂಲಂಟು.

ಸಂಜೆ ಏರು ಹತ್ತಿದೆವು.
ಸೂರ್ಯ ಹೋದ ಮೇಲೂ ಕರಿಬೆಟ್ಟ ಕಾವು ಉಗುಳುತ್ತಿತ್ತು.
ಮುಳ್ಳು ಅರ್ಧಕ್ಕೆ ಬಂತು. ಅರ್ಧದ ಮೇಲೆ ಒಂದು ಕೂದಲೆಳೆ.
ಅಲ್ಲೇ ನಿಂತಿತು.
ನೀನು ಬಾಯಿ ತೆರೆದೆ. ಬೇಡ, ಈಗಲೇ ಹೊಗಳಬೇಡ.
ತಣ್ಣೀರನ್ನೂ ಆರಿಸಿ ಕುಡಿಯುವ ಊರಿನವನು ನಾನು.
ಆಚೆಯ ಇಳಿಜಾರು ಮುಗಿಯಲಿ.